ನಾಲ್ಕು ಜಿನ್, ನಮ್ಮ ತೋಟದ ಮೆಣಸು ಮತ್ತು ಒಂದು ಕಿತ್ತಳೆ ಸಿಪ್ಪೆ

ಜನವರಿ ಬಂತೆಂದರೆ ಕೊಡಗಿನ ನಮ್ಮ ಕಣದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಒಂದು ಕಡೆ ಕಾಫಿ, ಇನ್ನೊಂದು ಕಡೆ ಆಗಷ್ಟೇ ಕೊಯ್ದ ಕಾಳುಮೆಣಸು. ಆ ಹಸಿ ಮೆಣಸಿನ ವಾಸನೆ ಸಂಜೆ ಹೊತ್ತಿಗೆ ಜಗಲಿವರೆಗೂ ಬರುತ್ತದೆ. ಹೋದ ವರ್ಷ ಅಲ್ಲೇ ಕೂತು ಜಿನ್ ಕುಡಿಯುತ್ತಿದ್ದೆ. ಜೂನಿಪರ್ ಅನ್ನುವ ಕಾಯಿಯ ಘಮ ಇರುವ ಮದ್ಯ ಅದು. ಗ್ಲಾಸಿನಿಂದ ಬರುವ ವಾಸನೆಗೂ ಕಣದಿಂದ ಬರುವ ವಾಸನೆಗೂ ಏನೋ ನಂಟು ಇದೆ ಅನಿಸಿತು. ವಿಚಾರಿಸಿದರೆ ಹೌದು, ಆ ಜಿನ್‌ಗೆ ಕಾಳುಮೆಣಸು ಹಾಕುತ್ತಾರೆ.

ಅಂದಿನಿಂದ ಒಂದೊಂದೇ ಬಾಟಲಿ ಕೂಡಿಸಿದೆ. ಟ್ಯಾಂಕರೆ, ಬಾಂಬೆ ಸಫೈರ್, ಹಪುಸಾ, ಸ್ಟ್ರೇಂಜರ್ ಅಂಡ್ ಸನ್ಸ್. ಮೊದಲ ಎರಡು ಬ್ರಿಟನ್‌ನವು, ಉಳಿದೆರಡು ಗೋವಾದವು. ಮೆಣಸು, ಏಲಕ್ಕಿ, ಕಿತ್ತಳೆ ಬೆಳೆಯುವ ನಮ್ಮಂಥವರ ಮೂಗಿಗೆ ಯಾವುದು ಹಿಡಿಸುತ್ತದೆ ಅಂತ ನೋಡಬೇಕಿತ್ತು.

ರುಚಿ ನೋಡುವ ಮುಂಚೆ ಮೂಗನ್ನು ಪಳಗಿಸಿಕೊಂಡೆ. ಐದು ಜಾಮ್ ಬಾಟಲಿ ತೊಳೆದು ಒಣಗಿಸಿ, ಒಂದೊಂದಕ್ಕೂ 100 ಮಿಲಿ ವೋಡ್ಕಾ ಸುರಿದೆ. ಒಂದರಲ್ಲಿ ಜೂನಿಪರ್ ಕಾಯಿ, ಇನ್ನೊಂದರಲ್ಲಿ ಕೊತ್ತಂಬರಿ ಬೀಜ, ಆಮೇಲೆ ಜಜ್ಜಿದ ಕಾಳುಮೆಣಸು, ಏಲಕ್ಕಿ, ಕಿತ್ತಳೆ ಸಿಪ್ಪೆ. ಜೂನಿಪರ್ ಇಲ್ಲದೆ ಜಿನ್ ಇಲ್ಲ. ಜಿನ್ ಅನ್ನುವ ಹೆಸರೂ ಅದರಿಂದಲೇ ಬಂದದ್ದು. ಆದರೆ ಅದು ನಮ್ಮಲ್ಲಿ ಬೆಳೆಯುವುದಿಲ್ಲ, ಆನ್‌ಲೈನ್‌ನಲ್ಲಿ ತರಿಸಿದೆ. ಒಣದ್ರಾಕ್ಷಿಗಿಂತ ಚಿಕ್ಕದು, ಕಪ್ಪು ನೀಲಿ ಬಣ್ಣ. ಬೆರಳಲ್ಲಿ ಹಿಚುಕಿದರೆ ಪೈನ್ ಮರದ ಅಂಟಿನ ವಾಸನೆ.

ಈ ಐದು ಬಾಟಲಿ ಕಲಿಸಿದಷ್ಟು ನನಗೆ ಯಾರೂ ಕಲಿಸಿಲ್ಲ. ಏಲಕ್ಕಿ ಒಂದೇ ರಾತ್ರಿಯಲ್ಲಿ ವೋಡ್ಕಾವನ್ನು ನುಂಗಿಹಾಕಿತು. ಮೂರನೇ ದಿನಕ್ಕೆ ಅದು ನೆಗಡಿಗೆ ಎದೆಗೆ ಹಚ್ಚುವ ಮುಲಾಮಿನಂತಾಗಿತ್ತು. ಕಾರಣ ಇದೆ. ಏಲಕ್ಕಿಯ ಎಣ್ಣೆಯಲ್ಲಿ ಸಿನಿಯೋಲ್ ಅನ್ನುವ ವಾಸನೆಯ ಅಂಶ ಚೆನ್ನಾಗಿಯೇ ಇದೆ. ನೀಲಗಿರಿ ಎಣ್ಣೆಯಲ್ಲಿರುವುದೂ ಅದೇ. ಮೆಣಸು ಮಾತ್ರ ಬೇರೆಯೇ ದಾರಿ ಹಿಡಿಯಿತು. ಪಕ್ಕದ ತೋಟದ ಅಣ್ಣನಿಗೆ ಕಣ್ಣು ಮುಚ್ಚಿಸಿ ಜೂನಿಪರ್ ಬಾಟಲಿ, ಮೆಣಸಿನ ಬಾಟಲಿ ಎರಡನ್ನೂ ಮೂಗಿಗೆ ಹಿಡಿದೆ. ಮೆಣಸು ಕೊಯ್ಯುತ್ತಲೇ ನಲವತ್ತು ವರ್ಷ ಕಳೆದವರು ಅವರು. ಜೂನಿಪರ್ ಮೂಸಿ, "ಇದು ನಮ್ಮ ಹಸಿ ಮೆಣಸೇ ಅಲ್ವಾ?" ಅಂದರು. ಪೈನ್ ಮರಕ್ಕೆ ಆ ವಾಸನೆ ಕೊಡುವ ಪೈನೀನ್ ಜೂನಿಪರ್‌ನಲ್ಲೂ ಇದೆ, ಕಾಳುಮೆಣಸಿನಲ್ಲೂ ಇದೆ. ಎರಡೂ ದೂರದ ನೆಂಟರಂತೆ ಚೆನ್ನಾಗಿ ಹೊಂದಿಕೊಳ್ಳುತ್ತವೆ.

ಆಮೇಲೆ ನಾನೂ ಅಣ್ಣನೂ ರುಚಿ ನೋಡಿದೆವು. ನನ್ನಾಕೆ ಗ್ಲಾಸಿನ ತಳಕ್ಕೆ ನಂಬರ್ ಅಂಟಿಸಿ 30 ಮಿಲಿ ಸುರಿದು ಕೊಟ್ಟಳು. ಯಾವುದು ಯಾವ ಜಿನ್ ಅಂತ ನಮಗೆ ಗೊತ್ತಿರಲಿಲ್ಲ. ಮೊದಲು ಹಾಗೇ ಮೂಸಿದೆವು. ಆಮೇಲೆ ಒಂದು ಚಮಚ ನೀರು. ಕೊನೆಗೆ ಎರಡರಷ್ಟು ಟಾನಿಕ್, ಅಂದರೆ ಸ್ವಲ್ಪ ಕಹಿ ಇರುವ ಸಿಹಿ ಸೋಡಾ.

ಟ್ಯಾಂಕರೆಯನ್ನು ಮೊದಲ ಸಲಕ್ಕೇ ಗುರುತು ಹಿಡಿದೆ. ಚಾರ್ಲ್ಸ್ ಟ್ಯಾಂಕರೆ 1830ರಲ್ಲಿ ಶುರು ಮಾಡಿದ ಜಿನ್ ಇದು. ಇದಕ್ಕೆ ಹಾಕುವುದು ನಾಲ್ಕೇ ಸಾಮಾನು: ಜೂನಿಪರ್, ಕೊತ್ತಂಬರಿ ಬೀಜ, ಆಂಜೆಲಿಕಾ ಅನ್ನುವ ಗಿಡದ ಬೇರು, ಅತಿಮಧುರ. ಉಪ್ಪು, ಹುಳಿ, ಖಾರ ಸರಿಯಾಗಿ ಬಿದ್ದ ಸಾರಿನಂತೆ, ಮುಚ್ಚುಮರೆ ಏನೂ ಇಲ್ಲ. ಟಾನಿಕ್ ಎಷ್ಟು ಸುರಿದರೂ ಜೂನಿಪರ್ ಬಗ್ಗುವುದಿಲ್ಲ. ಜಿನ್ ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಕೊಡುತ್ತೇನೆ.

ಬಾಂಬೆ ಸಫೈರ್‌ನಲ್ಲಿ ಹತ್ತು ಸಾಮಾನು. ಇಲ್ಲಿ ಅವನ್ನು ಸ್ಪಿರಿಟ್‌ನಲ್ಲಿ ಮುಳುಗಿಸಿ ಕುದಿಸುವುದಿಲ್ಲ. ತಾಮ್ರದ ತೂತಿನ ಬುಟ್ಟಿಯಲ್ಲಿ ಇಡುತ್ತಾರೆ, ಸ್ಪಿರಿಟ್‌ನ ಆವಿ ಅದರ ಮೂಲಕ ಹಾಯ್ದು ಹೋಗುತ್ತದೆ. ಕಷಾಯ ಕುದಿಸುವುದಕ್ಕೂ ಕಡಂಬುಟ್ಟು ಹಬೆಯಲ್ಲಿ ಬೇಯಿಸುವುದಕ್ಕೂ ಇರುವ ವ್ಯತ್ಯಾಸ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹಾಗಾಗಿ ಇದು ಹಗುರ, ನಾಜೂಕು. ಇದರ ಪಟ್ಟಿ ಓದುವಾಗ ನನಗೆ ತುಂಬಾ ಖುಷಿ ಕೊಟ್ಟದ್ದು ಎರಡು ಹೆಸರು. ಒಂದು ಬಾಲಮೆಣಸು. ನಮ್ಮ ಮೆಣಸಿನದೇ ಕುಲ, ಕಾಳಿಗೆ ಸಣ್ಣ ತೊಟ್ಟು ಬಾಲದಂತೆ ಉಳಿದಿರುತ್ತದೆ. ಇನ್ನೊಂದು ಪಶ್ಚಿಮ ಆಫ್ರಿಕಾದ ಗ್ರೇನ್ಸ್ ಆಫ್ ಪ್ಯಾರಡೈಸ್ ಅನ್ನುವ ಖಾರದ ಬೀಜ. ಅದು ಏಲಕ್ಕಿ, ಶುಂಠಿಯ ಕುಟುಂಬದ್ದು. ಕೊಡಗಿನ ಎರಡೂ ಬೆಳೆಯ ದಾಯಾದಿಗಳು ಆ ನೀಲಿ ಬಾಟಲಿಯಲ್ಲಿವೆ! ನೀರು ಬೆರೆಸಿ ಕುಡಿದಾಗ ನಿಂಬೆ ಸಿಪ್ಪೆಯ ಹಿಂದೆ ಆ ಸಣ್ಣ ಖಾರ ತಿಳಿಯುತ್ತದೆ. ಟಾನಿಕ್‌ನ ಸಿಹಿ ಬಿದ್ದ ಕೂಡಲೇ ಅದು ಅಡಗುತ್ತದೆ. ಇದಕ್ಕೆ ಅರ್ಧ ಸೋಡಾ, ಅರ್ಧ ಟಾನಿಕ್ ಸರಿ.

ಹಪುಸಾ ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ಸುಮ್ಮನಾಗಿಸಿತು. ಹೆಸರು ಜೂನಿಪರ್‌ಗೆ ಇರುವ ಸಂಸ್ಕೃತ ಪದ. ಹಿಮಾಲಯದ ಜೂನಿಪರ್ ಜೊತೆ ಅರಿಶಿನ, ಮಾವು, ಬಂಗಾಳದ ಗಂಧರಾಜ ನಿಂಬೆ, ಏಲಕ್ಕಿ ಸೇರುತ್ತವೆ. ಮಳೆಗಾಲದಲ್ಲಿ ಸೌದೆ ಕೊಟ್ಟಿಗೆಯ ಬಾಗಿಲು ತೆಗೆದಾಗ ಬರುವ ವಾಸನೆ ಇದಕ್ಕಿದೆ. ಇಲ್ಲಿ ಏಲಕ್ಕಿ ಹದವಾಗಿದೆ. ನನ್ನ ಜಾಮ್ ಬಾಟಲಿ ನೋಡಿದ ಮೇಲೆ ಅದು ಎಷ್ಟು ಕಷ್ಟದ ಕೆಲಸ ಅಂತ ನನಗೆ ಗೊತ್ತು. ಇದಕ್ಕೆ ಟಾನಿಕ್ ಹಾಕಬೇಡಿ. ದೊಡ್ಡ ಐಸ್ ಒಂದು ಸಾಕು, ಅವಸರ ಮಾಡದೆ ಕುಡಿಯಿರಿ.

ಇನ್ನು ಸ್ಟ್ರೇಂಜರ್ ಅಂಡ್ ಸನ್ಸ್. ಹೋದ ವರ್ಷ ಜಗಲಿಯಲ್ಲಿ ನನ್ನ ಕೈಯಲ್ಲಿದ್ದದ್ದು ಇದೇ. 2018ರಲ್ಲಿ ಬಂದ ಜಿನ್, ಆಲ್ಕೋಹಾಲ್ ಶೇಕಡಾ 42.8. ಜೂನಿಪರ್, ಕಾಳುಮೆಣಸು, ಜಾಯಿಕಾಯಿ, ಜಾಪತ್ರೆ, ಕೊತ್ತಂಬರಿ ಬೀಜ, ಅತಿಮಧುರ, ಚಕ್ಕೆಯ ಜಾತಿಯ ಕ್ಯಾಸಿಯಾ, ಜೊತೆಗೆ ನಿಂಬೆ ಕಿತ್ತಳೆ ಜಾತಿಯ ಸಿಪ್ಪೆಗಳು. ಮಸಾಲೆ ಡಬ್ಬಿಯನ್ನೇ ಸುರಿದಿದ್ದಾರೆ ಅನಿಸಬಹುದು, ಕುಡಿದರೆ ಹಾಗಿಲ್ಲ. ಮೊದಲು ಸಿಪ್ಪೆಯ ಘಮ, ನಡುವೆ ಜೂನಿಪರ್. ನುಂಗಿದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಮೆಣಸಿನ ಬಿಸಿ ನಿಧಾನವಾಗಿ ಏರುತ್ತದೆ. ಜೂನಿಪರ್ ಎಲ್ಲಿ ಮುಗಿಯಿತು, ಮೆಣಸು ಎಲ್ಲಿ ಶುರುವಾಯಿತು ಅಂತ ಹೇಳಲು ಆಗುವುದಿಲ್ಲ. ಅಣ್ಣ ಬಾಟಲಿಗಳನ್ನು ಮೂಸಿ ಗೊಂದಲಗೊಂಡದ್ದು ಯಾಕೆ ಅಂತ ಆಗ ಇನ್ನೂ ಚೆನ್ನಾಗಿ ಅರ್ಥವಾಯಿತು.

ಹೆಂಡ್ರಿಕ್ಸ್ ಯಾಕಿಲ್ಲ ಅಂತ ಕೇಳಬಹುದು. ಅದಕ್ಕೆ ಸೌತೆಕಾಯಿ, ಗುಲಾಬಿಯ ಸಾರವನ್ನು ಬಟ್ಟಿ ಇಳಿಸಿದ ಮೇಲೆ ಸೇರಿಸುತ್ತಾರೆ. ಚೆಂದದ ಜಿನ್, ಬೇಸಿಗೆಗೆ ಒಳ್ಳೆಯದು. ಮಸಾಲೆಯ ಮಾತಾಡುವಾಗ ಅದನ್ನು ಈ ಸಾಲಿಗೆ ಎಳೆಯುವುದು ಸರಿ ಕಾಣಲಿಲ್ಲ.

ಕಿತ್ತಳೆ ಸಿಪ್ಪೆ ಹಿಂಡಿ ಮತ್ತೊಂದು ಸುತ್ತು ನೋಡಿದೆವು. ನಮ್ಮ ತೋಟದಲ್ಲಿ ಉಳಿದಿರುವುದು ಆರೇ ಕಿತ್ತಳೆ ಗಿಡ. ಅಜ್ಜನ ಕಾಲದಲ್ಲಿ ಕಾಫಿ ನಡುವೆ ಎಲ್ಲಿ ನೋಡಿದರೂ ಕಿತ್ತಳೆ ಇತ್ತು. ರೋಗ ಬಂದು ಒಂದೊಂದೇ ಒಣಗಿದವು. ಕೊಡಗಿನ ಕಿತ್ತಳೆಗೆ ಜಿಐ, ಅಂದರೆ ಊರಿನ ಹೆಸರಿಗೆ ಕೊಡುವ ಭೌಗೋಳಿಕ ಮಾನ್ಯತೆ ಸಿಕ್ಕಿದೆ, ಹಣ್ಣು ಮಾತ್ರ ಸಿಗುತ್ತಿಲ್ಲ. ಈ ಸಂಕಟ ಕೊಡಗಿನ ಎಷ್ಟೋ ಮನೆಗಳದ್ದು. ಸಿಪ್ಪೆಯ ಹೊರಬದಿಯನ್ನು ಗ್ಲಾಸಿನ ಕಡೆಗೆ ಹಿಡಿದು ಮಡಚಿ ಹಿಂಡಿ. ಎಣ್ಣೆ ಸಣ್ಣಗೆ ಚಿಮ್ಮಿ ಮೇಲೆ ಬಿದ್ದು, ದೀಪದ ಬೆಳಕಿಗೆ ಪದರದಂತೆ ಹೊಳೆಯುತ್ತದೆ. ಟ್ಯಾಂಕರೆಯಲ್ಲಿ ಸಿಪ್ಪೆ ಒಂದು ಕಡೆ, ಜಿನ್ ಒಂದು ಕಡೆ ನಿಂತವು. ಸಫೈರ್‌ನಲ್ಲಿ ಸಿಪ್ಪೆಯದೇ ಕಾರುಬಾರು. ಹಪುಸಾಗೆ ಅದು ಬೇಕೇ ಇರಲಿಲ್ಲ. ಸ್ಟ್ರೇಂಜರ್ ಮಾತ್ರ ಅದನ್ನು ಮನೆಯ ಮಗಳಂತೆ ಒಳಗೆ ಕರೆದುಕೊಂಡಿತು.

ರಾತ್ರಿ ಊಟಕ್ಕೆ ಹಂದಿ ಮಾಂಸದ ಪಂದಿ ಕರಿ ಇತ್ತು. ಕಾಚಂಪುಳಿಯ ಆ ಗಟ್ಟಿ ಹುಳಿ, ಹುರಿದ ಮೆಣಸಿನ ಖಾರದ ಎದುರು ಸಫೈರ್ ನೀರಾಯಿತು. ಟ್ಯಾಂಕರೆ ತಡೆದುಕೊಂಡಿತು, ಕೊಬ್ಬಿನ ಜಿಡ್ಡನ್ನೂ ಚೆನ್ನಾಗಿ ಕಡಿಯಿತು. ಸ್ಟ್ರೇಂಜರ್ ಕುಡಿದು ಒಂದು ತುಂಡು ಬಾಯಿಗಿಟ್ಟರೆ ಎರಡರ ಮೆಣಸೂ ಸೇರಿಕೊಳ್ಳುತ್ತಿತ್ತು. ನನ್ನ ಮಟ್ಟಿಗೆ ಆಯ್ಕೆ ಅಲ್ಲಿಗೆ ಮುಗಿಯಿತು.

ಈಗ ನಾನು ಮಾಡುವುದು ಹೀಗೆ: ಸ್ಟ್ರೇಂಜರ್ 45 ಮಿಲಿ, ಗ್ಲಾಸ್ ತುಂಬ ಐಸ್, 90 ಮಿಲಿ ತಣ್ಣನೆ ಟಾನಿಕ್, ಮೇಲೆ ಒಂದು ಕಿತ್ತಳೆ ಸಿಪ್ಪೆ. ಮೆಣಸು ಬೇರೆ ಹಾಕುವುದಿಲ್ಲ, ಒಳಗಿರುವುದೇ ಸಾಕು. ಮಳೆ ಹಿಡಿದ ರಾತ್ರಿಗೆ ಹಪುಸಾ ಎತ್ತಿಟ್ಟಿದ್ದೇನೆ. ಟ್ಯಾಂಕರೆ ಬಾಟಲಿಯನ್ನು ಅಣ್ಣ ಮನೆಗೆ ಒಯ್ದರು. "ನನಗೆ ಇದೇ ಇರಲಿ. ಮೆಣಸು ದಿನಾ ನೋಡುತ್ತೇನಲ್ಲ" ಅಂದರು.