ಬ್ಯಾಕಪ್ ಆಗಿದೆ ಅಂತ ಲಾಗ್ ಹೇಳಿದರೆ ನಂಬಬೇಡಿ

ದಾವಣಗೆರೆಯ ಒಂದು ಡಿಟಿಪಿ ಅಂಗಡಿ, ಹಳೇ ಲಿನಕ್ಸ್ ಕಂಪ್ಯೂಟರ್. ದಿನಾ ರಾತ್ರಿ ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ವ್ಯವಸ್ಥೆ) ಆರ್‌ಸಿಂಕ್ ಅನ್ನುವ ನಕಲು ಪ್ರೋಗ್ರಾಂ ಓಡಿ ಲಗ್ನಪತ್ರಿಕೆ ಫೈಲುಗಳೆಲ್ಲ ಯುಎಸ್‌ಬಿ ಡ್ರೈವ್‌ಗೆ ಹೋಗುತ್ತಿವೆ ಅಂತಲೇ ಎಲ್ಲರ ಲೆಕ್ಕ. ಲಾಗ್‌ನಲ್ಲಿ ಒಂದು ಎರರ್ ಇಲ್ಲ. ಕೊನೆಗೆ ಒಳಗಿನ ಡಿಸ್ಕ್ ಭರ್ತಿಯಾಗಿ ಲಾಗಿನ್ ಆಗದೆ ನಿಂತಾಗ ಬಯಲಾಯಿತು: ವಾರಗಟ್ಟಲೆ ಬ್ಯಾಕಪ್ ಬಿದ್ದದ್ದು ಡ್ರೈವ್‌ಗಲ್ಲ, ಅದೇ ಕಂಪ್ಯೂಟರಿನ ಡಿಸ್ಕಿಗೆ.

ಡ್ರೈವ್ ನಡುವೆ ಕಳಚಿಕೊಂಡರೆ ಆರ್‌ಸಿಂಕ್ ಎರರ್ ಕೊಡುತ್ತದೆ. ತೊಂದರೆ ಕರೆಂಟ್ ಹೋಗಿ ಬಂದ ಮೇಲಿನದು. ಬೂಟ್ ಆಗುವಾಗ ಡ್ರೈವ್ ಏಳಲಿಲ್ಲ, ಯಾವ ಡ್ರೈವ್ ಎಲ್ಲಿ ಕೂರಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ನೋಫೇಲ್ (ಡ್ರೈವ್ ಸಿಗದಿದ್ದರೂ ಬೂಟ್ ನಿಲ್ಲಿಸಬೇಡ) ಇದ್ದದ್ದರಿಂದ ಸಿಸ್ಟಂ ಸದ್ದಿಲ್ಲದೆ ಮುಂದೆ ಹೋಯಿತು. ಡ್ರೈವ್ ಮೌಂಟ್ ಆಗಬೇಕಿದ್ದ, ಅಂದರೆ ಒಂದು ಫೋಲ್ಡರಾಗಿ ತೆರೆದುಕೊಳ್ಳಬೇಕಿದ್ದ, ಜಾಗದಲ್ಲಿ ಉಳಿದದ್ದು ಬರೀ ಖಾಲಿ ಫೋಲ್ಡರ್. ಆರ್‌ಸಿಂಕ್‌ಗೆ ಅಷ್ಟೇ ಸಾಕು, ಎಲ್ಲವನ್ನೂ ಅದರೊಳಗೇ ಬರೆಯಿತು. ಆಮೇಲೆ ಡ್ರೈವ್ ಮೌಂಟ್ ಆದರೆ ಆ ಫೈಲುಗಳು ಅದರಡಿ ಮುಚ್ಚಿಹೋಗುತ್ತವೆ. ಡಿಸ್ಕಿನ ಜಾಗ ತೋರಿಸುವ ಡಿಎಫ್ ಕಮಾಂಡ್ ಡಿಸ್ಕ್ ತುಂಬಿದೆ ಅನ್ನುತ್ತದೆ, ಫೋಲ್ಡರುಗಳ ಗಾತ್ರ ಹೇಳುವ ಡಿಯು ಕೂಡಿಸಿದರೆ ಲೆಕ್ಕ ಸಿಗುವುದಿಲ್ಲ. ಡ್ರೈವ್ ಅನ್‌ಮೌಂಟ್ ಮಾಡಿ ಆ ಫೋಲ್ಡರ್ ಒಳಗೆ ನೋಡಿದರೆ ಕಾಣುತ್ತವೆ.

ಡ್ರೈವ್ ಯಾಕೆ ಏಳಲಿಲ್ಲ? ಅದು ಎರಡೂವರೆ ಇಂಚಿನ ಹಾರ್ಡ್ ಡಿಸ್ಕ್, ಚುಚ್ಚಿದ್ದು ಕ್ಯಾಬಿನೆಟ್ ಮುಂದಿನ ಪೋರ್ಟಿಗೆ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪ್. ಒಳಗಿನ ತಟ್ಟೆ ತಿರುಗಲು ಶುರುವಾಗುವ ಕ್ಷಣದಲ್ಲಿ ಇಂಥ ಡ್ರೈವ್ ಒಂದು ಆಂಪ್ ಹತ್ತಿರ ಎಳೆಯಬಹುದು. ಮುಂದಿನ ಪೋರ್ಟಿಗೆ ಮದರ್‌ಬೋರ್ಡಿನಿಂದ ಸಣ್ಣ ವೈರ್ ಬೇರೆ, ಅಲ್ಲೇ ವೋಲ್ಟೇಜ್ ಇಳಿಯುತ್ತದೆ. ಮೋಟರ್ ಗುಯ್ ಅಂತ ಏಳುತ್ತದೆ, ಟಿಕ್ ಅಂತ ಬೀಳುತ್ತದೆ, ಮತ್ತೆ ಗುಯ್. ಸಿಸ್ಟಂ ಸಂದೇಶಗಳನ್ನು ತೋರಿಸುವ ಡಿಎಂಇಎಸ್‌ಜಿ ತೆಗೆದರೆ 'ರೀಸೆಟ್ ಹೈ-ಸ್ಪೀಡ್ ಯುಎಸ್‌ಬಿ ಡಿವೈಸ್' ಸಾಲು ಸಾಲು, ನಡುವೆ ಎರರ್ -110, -71. ಮೊದಲನೆಯದು ಉತ್ತರ ಬರದೆ ಟೈಂಔಟ್, ಎರಡನೆಯದು ಪ್ರೋಟೋಕಾಲ್ ಕೆಟ್ಟದ್ದು. ಮೊದಲು ಹಿಂದಿನ ಪೋರ್ಟ್, ಗಿಡ್ಡ ಕೇಬಲ್. ಆಗಲೂ ಬಿದ್ದರೆ ಸ್ವಂತ ಅಡಾಪ್ಟರ್ ಇರುವ ಹಬ್. ಎಕ್ಸ್‌ಟೆನ್ಷನ್ ಕೇಬಲ್ ಬೇಡವೇ ಬೇಡ.

ಆದರೆ ಆ ಅಂಗಡಿಯಲ್ಲಿ ಮೊದಲು ಮಾಡಿದ್ದು ಎಫ್‌ಎಸ್‌ಸಿಕೆ -ವೈ, ಅಂದರೆ ಏನೂ ಕೇಳದೆ ಫೈಲ್‌ಸಿಸ್ಟಂ ರಿಪೇರಿ ಮಾಡುವ ಕಮಾಂಡ್. ಇದೇ ದೊಡ್ಡ ತಪ್ಪು. ಕಳಚುತ್ತಿರುವ ಡ್ರೈವ್ ಮೇಲೆ ರಿಪೇರಿ ಬರೆಯಲು ಹೋದರೆ ಫೈಲ್‌ಸಿಸ್ಟಂ ಅರ್ಧ ಕೆಟ್ಟದ್ದು ಪೂರ್ತಿ ಕೆಡುತ್ತದೆ. ಮೊದಲು ಪವರ್, ಕೇಬಲ್ ಸರಿಮಾಡಿ, ನಂತರ ಡಿಸ್ಕಿನ ಆರೋಗ್ಯ ತೋರಿಸುವ ಸ್ಮಾರ್ಟ್‌ಸಿಟಿಎಲ್ -ಎ -ಡಿ ಸ್ಯಾಟ್. ಐಡಿ 5, 197, 198 ಅಂತಿರುವ ಸಾಲುಗಳ (ಕೆಟ್ಟ ಸೆಕ್ಟರ್‌ಗಳ ಲೆಕ್ಕ) ಕೊನೆಯ ಅಂಕಿ ನೋಡಿ. 197 ಸೊನ್ನೆಗಿಂತ ಹೆಚ್ಚಿದ್ದರೆ ಓದಲಾಗದ ಸೆಕ್ಟರ್‌ಗಳಿವೆ: ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂನಿಂದ ಬೇರೆ ಡಿಸ್ಕಿಗೆ ಇಮೇಜ್ (ಇಡೀ ಡಿಸ್ಕಿನ ನಕಲು) ತೆಗೆದು, ಎಫ್‌ಎಸ್‌ಸಿಕೆಯನ್ನು ಆ ನಕಲಿನ ಮೇಲೆ ಓಡಿಸಿ. ಡೇಟಾ ಸಾಗಣೆಯ ತಪ್ಪು ಎಣಿಸುವ 199 ಸೊನ್ನೆ ಇದೆ, ಹಾಗಾಗಿ ಕೇಬಲ್ ಸರಿಯಿದೆ ಅನ್ನುವವರಿದ್ದಾರೆ. ಅದು ಡಬ್ಬಿಯೊಳಗಿನ ಸಾಟಾ ಕೊಂಡಿಯ ಲೆಕ್ಕ, ಹೊರಗಿನ ಯುಎಸ್‌ಬಿ ಕೇಬಲ್‌ನದಲ್ಲ.

ಎಫ್‌ಎಸ್‌ಟ್ಯಾಬ್‌ನಲ್ಲಿ ಎಸ್‌ಡಿಬಿ1 ಥರದ ಡಿವೈಸ್ ಹೆಸರು ಬರೆಯಬೇಡಿ, ಯುಯುಐಡಿ (ಆ ಫೈಲ್‌ಸಿಸ್ಟಂನ ಬದಲಾಗದ ಗುರುತು) ಹಾಕಿ. ಒಮ್ಮೆ ಕಳಚಿ ಬಂದ ಡ್ರೈವ್ ಎಸ್‌ಡಿಸಿ ಆಗಿರಬಹುದು. ಸ್ಕ್ರಿಪ್ಟ್‌ನಲ್ಲಿ ಆರ್‌ಸಿಂಕ್‌ಗೆ ಮುಂಚೆ ಮೌಂಟ್‌ಪಾಯಿಂಟ್ -ಕ್ಯೂ (ಆ ಫೋಲ್ಡರಿನಲ್ಲಿ ನಿಜಕ್ಕೂ ಡ್ರೈವ್ ಕೂತಿದೆಯೇ ಅನ್ನುವ ಪರೀಕ್ಷೆ) ಹಾಕಿ, ಅದು ಸುಳ್ಳಾದರೆ ಅಲ್ಲೇ ನಿಲ್ಲಿಸಿ. ಇನ್ನೊಂದು ಬೀಗವೂ ಇದೆ: ಡ್ರೈವ್ ಅನ್‌ಮೌಂಟ್ ಮಾಡಿ, ಖಾಲಿ ಫೋಲ್ಡರ್ ಮೇಲೆ ರೂಟ್ (ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿ ಸಿಎಚ್‌ಎಟಿಟಿಆರ್ +ಐ, ಅಂದರೆ ಬದಲಿಸಲಾಗದಂತೆ ಮಾಡುವ ಗುರುತು, ಕೊಡಿ. ಒಳಗಿನ ಡಿಸ್ಕ್ ಇಎಕ್ಸ್‌ಟಿ4 (ಲಿನಕ್ಸ್‌ನ ಒಂದು ಫೈಲ್‌ಸಿಸ್ಟಂ) ಆಗಿದ್ದರೆ ಆಮೇಲೆ ರೂಟ್ ಕೂಡ ಅದರೊಳಗೆ ಫೈಲ್ ಹಾಕಲಾಗದು, ಡ್ರೈವ್ ಮಾತ್ರ ಎಂದಿನಂತೆ ಮೌಂಟ್ ಆಗುತ್ತದೆ.