ಎಂ.ಜಿ. ರಸ್ತೆಯ ಕಾಫಿ ಪುಡಿ ಅಂಗಡಿ: ಜಗಲಿ ಹೋಯಿತು, ಪುಡಿ ಮೇಲಾಯಿತು

ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ನಮ್ಮ ಮನೆಗೆ ಮೂರು ತಲೆಮಾರಿನಿಂದ ಕಾಫಿ ಪುಡಿ ಒದಗಿಸುತ್ತ ಬಂದಿರುವ ಅಂಗಡಿಗೆ, ಅದು ಗಾಜಿನ ಬಾಗಿಲು ಹಾಕಿಸಿಕೊಂಡ ಮೇಲೆ ಮೊದಲ ಬಾರಿಗೆ ಕಳೆದ ವಾರ ಹೋಗಿಬಂದೆ. ಎಂಬತ್ತರ ದಶಕದಲ್ಲಿ ಇದಕ್ಕೆ ಬಾಗಿಲೆಂದರೆ ರಾತ್ರಿ ಜೋಡಿಸುವ ಹಲಗೆಗಳು ಮಾತ್ರ. ಸಂತೆಯ ದಿನ ತೋಟದ ಕಡೆಯಿಂದ ಬಂದವರು ಬಟ್ಟೆ, ಗೊಬ್ಬರ, ಸೀಮೆಎಣ್ಣೆಯ ಕೆಲಸಗಳನ್ನೆಲ್ಲ ಮುಗಿಸಿ ಕಡೆಗೆ ಇಲ್ಲಿನ ಜಗಲಿಯ ಮೇಲೆ ಕೂತು, ತಮ್ಮ ಸರದಿ ಬರುವವರೆಗೆ ಯಾರ ತೋಟಕ್ಕೆ ಕಾಫಿ ಗಿಡ ಹೂಬಿಡಿಸುವ ಹೂಮಳೆ ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರನೇ ಒಂದು ಪಾಲು) ಬಿತ್ತೆಂದು ವಾದಿಸುತ್ತಿದ್ದರು. ಈಗ ಜಗಲಿಯಿದ್ದ ಜಾಗದಲ್ಲಿ ಸ್ಕೂಟರುಗಳು ನಿಂತಿವೆ. ಹುರಿಯುವ ಕೆಲಸವೂ ಬೇರೆಡೆಗೆ ಹೋಗಿರುವುದರಿಂದ ಬೀದಿಯವರೆಗೆ ಬರುತ್ತಿದ್ದ ಘಮವಿಲ್ಲ.

ಪುಡಿಯ ಮಾತು ಬೇರೆ. ಹಿಂದಿನ ಪುಡಿಯೇ ಚೆನ್ನಾಗಿತ್ತೆಂದು ನಾವು ಹೇಳಿಕೊಳ್ಳುವುದುಂಟು. ಆದರೆ ಆಗ ಬೆಳೆಗಾರರು ಮನೆಬಳಕೆಯಷ್ಟನ್ನು ಇಟ್ಟುಕೊಂಡು ಉಳಿದ ಫಸಲನ್ನೆಲ್ಲ ಸರ್ಕಾರದ ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಬೆಳೆಯನ್ನೂ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೆ, ಒಪ್ಪಿಸಬೇಕಿತ್ತು, ಪಕ್ಕದ ಗಿರಿಯಲ್ಲಿ ಬೆಳೆದ ಒಳ್ಳೆಯ ಬೀಜವೂ ಹರಾಜನ್ನು ಹಾದೇ ಅಂಗಡಿಗೆ ಬರಬೇಕಿತ್ತು. 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾದ ಮೇಲೆ ಅಂಗಡಿಯವರು ನೇರವಾಗಿ ತೋಟದಿಂದಲೇ ಕೊಳ್ಳಬಹುದಾಗಿದೆ. ನಾನು ಪೀಬೆರಿ (ಹಣ್ಣಿನಲ್ಲಿ ಒಂಟಿಯಾಗಿ ಬೆಳೆಯುವ ದುಂಡು ಬೀಜ) ಮುಕ್ಕಾಲು ಭಾಗ, ರೋಬಸ್ಟಾ ಚೆರ್ರಿ (ಹಣ್ಣಿನ ಸಮೇತ ಒಣಗಿಸಿದ ರೋಬಸ್ಟಾ ತಳಿಯ ಬೀಜ) ಕಾಲು ಭಾಗ ಹೇಳಿ, ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿಯಾದ ಚಿಕೋರಿ ಬೇಡವೆಂದೆ; ಕಣ್ಣೆದುರೇ ತೂಗಿ ಬೀಸಿಕೊಟ್ಟರು. ಡಿಕಾಕ್ಷನ್ನು ಚಿಕೋರಿಯದರಷ್ಟು ಕಪ್ಪಾಗಿ ಇಳಿಯಲಿಲ್ಲ, ಆದರೆ ಹಾಲು ಬೆರೆಸಿದ ಮೇಲೂ ಬೀಜದ ರುಚಿ ನಿಂತಿತ್ತು. ನನ್ನ ನಾಲಿಗೆಯನ್ನು ನಂಬುವುದಾದರೆ, ಅಜ್ಜ ತರುತ್ತಿದ್ದ ಪುಡಿಗಿಂತ ಇದು ಒಂದು ಕೈ ಮೇಲು. ಸಿದ್ಧ ಪೊಟ್ಟಣಗಳ ಮೇಲೆ ಚಿಕೋರಿಯ ಪಾಲನ್ನು ಮುದ್ರಿಸಿರುವುದೂ ಒಳ್ಳೆಯದೇ. ಹಿಂದೆ ಅದು ಅಂಗಡಿಯವರ ಮಾತಿನ ಮೇಲೆಯೇ ನಡೆಯುತ್ತಿತ್ತು.

ಒಂದು ದೂರು ಮಾತ್ರ ಇದೆ. ಬೀಸಿದ ಪುಡಿ ಬಿಸಿಯಾಗಿರುವಾಗಲೇ ಪ್ಲಾಸ್ಟಿಕ್ ಚೀಲಕ್ಕೆ ಸುರಿದು ಬಾಯಿ ಮುಚ್ಚುತ್ತಾರೆ, ಒಳಗೆ ಬೆವರೊಡೆಯುತ್ತದೆ. ಹಿಂದೆ ಅಗಲವಾದ ತಟ್ಟೆಯಲ್ಲಿ ಹರವಿ, ಆರಿದ ಮೇಲೆ ಕಾಗದದ ಪೊಟ್ಟಣ ಕಟ್ಟಿ ಟ್ವೈನ್ ದಾರ ಸುತ್ತುತ್ತಿದ್ದರು; ಜಗಲಿಯ ಮೇಲೆ ಕಾಯುವುದಕ್ಕೆ ಅದೂ ಒಂದು ಕಾರಣವಾಗಿತ್ತು. ಆರಿಸಿಕೊಡಿ ಎಂದು ಕೇಳಿದೆ. ಕೌಂಟರಿನ ಹುಡುಗ ನನ್ನ ಹಿಂದೆ ನಿಂತಿದ್ದ ಗಿರಾಕಿಗಳತ್ತ ನೋಡಿದ, ಆದರೂ ಒಂದು ತಟ್ಟೆ ಹುಡುಕಿ ತಂದ. ಬೆಳಿಗ್ಗೆ ಜನ ಸೇರುವ ಮೊದಲೇ ಹೋಗಿ, ಮನೆಯಿಂದ ಸ್ಟೀಲ್ ಡಬ್ಬಿ ಒಯ್ದರೆ ಇಬ್ಬರಿಗೂ ಅನುಕೂಲ.