ಬಾಕ್ಸ್‌ಸ್ಟರ್ ಬೇರಿಂಗಿಗೆ ಕಾವಲು: ಅಯಸ್ಕಾಂತವೋ, ಫಿಲ್ಟರೋ, ಲ್ಯಾಬ್ ವರದಿಯೋ?

ಹಳೆಯ ಪೋರ್ಷೆ ಬಾಕ್ಸ್‌ಸ್ಟರ್ ಇಟ್ಟುಕೊಂಡವರ ನಿದ್ದೆ ಕೆಡಿಸುವುದು ಮುಖ್ಯವಾಗಿ ಒಂದೇ ಭಾಗ: ಇಂಟರ್‌ಮೀಡಿಯೆಟ್ ಶಾಫ್ಟಿನ ಗೇರ್‌ಬಾಕ್ಸ್ ಕಡೆಯ ಬೇರಿಂಗ್. ಎಲ್ಲರೂ ಇದನ್ನು ಐಎಂಎಸ್ ಬೇರಿಂಗ್ ಎನ್ನುತ್ತಾರೆ. ಕ್ರ್ಯಾಂಕ್‌ಶಾಫ್ಟ್ ಒಂದು ಚೈನಿನ ಮೂಲಕ ಈ ಶಾಫ್ಟನ್ನು ತಿರುಗಿಸುತ್ತದೆ, ಇದು ವಾಲ್ವ್‌ಗಳನ್ನು ತೆರೆದು ಮುಚ್ಚುವ ಎರಡೂ ಬದಿಯ ಕ್ಯಾಮ್‌ಶಾಫ್ಟ್‌ಗಳನ್ನು ತಿರುಗಿಸುತ್ತದೆ. ಬೇರಿಂಗ್ ಕೈಕೊಟ್ಟರೆ ಶಾಫ್ಟ್ ಓಲಾಡುತ್ತದೆ, ಚೈನ್ ಹಲ್ಲು ತಪ್ಪುತ್ತದೆ, ವಾಲ್ವ್‌ಗಳು ಹೋಗಿ ಪಿಸ್ಟನ್‌ಗೆ ಬಡಿಯುತ್ತವೆ. ಆಮೇಲೆ ಮಾಲೀಕನ ಪಾಲಿಗೆ ಉಳಿಯುವುದು ಒಳ್ಳೆಯ ಬಾಡಿ ಮತ್ತು ಚರ್ಮದ ಸೀಟು.

ನನ್ನದು 2002ರ ಬಾಕ್ಸ್‌ಸ್ಟರ್ ಎಸ್, 3.2 ಲೀಟರಿನ ಎಂ96 ಎಂಜಿನ್. ಇರುವುದು ಡೆಟ್ರಾಯಿಟ್ ಹತ್ತಿರ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವುದರಿಂದ ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾರು ಗ್ಯಾರೇಜಿನಲ್ಲೇ ಇರುತ್ತದೆ. ಮೊದಮೊದಲ ಬಾಕ್ಸ್‌ಸ್ಟರ್‌ಗಳಲ್ಲಿ ಎರಡು ಸಾಲು ಗುಂಡುಗಳ ಬೇರಿಂಗ್ ಇತ್ತು. 2000ದ ಹೊತ್ತಿಗೆ ಅದನ್ನು ಒಂದೇ ಸಾಲಿಗೆ ಇಳಿಸಿದರು, ತೊಂದರೆ ಹೆಚ್ಚಿದ್ದು ಅಲ್ಲಿಂದ. ಅಮೆರಿಕದಲ್ಲಿ ಮೊಕದ್ದಮೆ ನಡೆದು 2013ರಲ್ಲಿ ರಾಜಿಯಾದಾಗ ಅದರ ವ್ಯಾಪ್ತಿಗೆ ಬಂದದ್ದೂ 2001ರಿಂದ 2005ರ ಮಾದರಿಗಳೇ. ನನ್ನ ಕಾರು ಸರಿಯಾಗಿ ಆ ನಡುವೆ ಸಿಕ್ಕಿಕೊಂಡಿದೆ.

ಈ ಬೇರಿಂಗನ್ನು ಕಾಯಲು ಮಾರುಕಟ್ಟೆಯಲ್ಲಿ ಸಿಗುವ ಉಪಾಯಗಳನ್ನೆಲ್ಲ ಒಂದೊಂದಾಗಿ ಬಳಸಿ ನೋಡಿದ್ದೇನೆ. ಎಲ್ಲಕ್ಕಿಂತ ಅಗ್ಗದ್ದು ಅಯಸ್ಕಾಂತವಿರುವ ಡ್ರೇನ್ ಪ್ಲಗ್, ಅಂದರೆ ಹಳೆಯ ಆಯಿಲ್ ಹೊರಬಿಡುವ ತೂತಿನ ಬಿರಡೆ. 8 ಮಿ.ಮೀ. ಆಲನ್ ಕೀ, ಕೂರಿಸುವಾಗ 50 ನ್ಯೂಟನ್ ಮೀಟರ್ ಬಿಗಿ, ಅಷ್ಟೇ ಕೆಲಸ. ಆಯಿಲ್ ಬದಲಿಸುವಾಗ ಅದರ ತುದಿಯಲ್ಲಿ ಬೂದು ಬಣ್ಣದ ನುಣುಪಾದ ಕೆಸರು ಮೆತ್ತಿಕೊಂಡಿರುತ್ತದೆ. ಹೆದರಬೇಕಾಗಿಲ್ಲ, ಹಳೆಯ ಎಂಜಿನ್ ಅಷ್ಟನ್ನು ಉದುರಿಸಿಯೇ ಉದುರಿಸುತ್ತದೆ. ಬೆರಳ ನಡುವೆ ಹೊಸಕಿದಾಗ ಹರಳು ಸಿಕ್ಕರೆ, ಬೆಳಕಿಗೆ ಹಿಡಿದಾಗ ಚೂರು ಮಿನುಗಿದರೆ ಮಾತ್ರ ಎದೆ ಧಸಕ್ಕೆನ್ನಬೇಕು. ಆದರೆ ಪ್ಲಗ್‌ವರೆಗೆ ಹರಿದು ಬಂದದ್ದನ್ನಷ್ಟೇ ಅಯಸ್ಕಾಂತ ಹಿಡಿಯುತ್ತದೆ. ಸಂಪಿನ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯ, ಮೂಲೆಯಲ್ಲಿ ಕುಳಿತದ್ದರ ಸುದ್ದಿ ಅದಕ್ಕೆ ಗೊತ್ತಾಗುವುದಿಲ್ಲ.

ನನ್ನ ಮತ ಆಯಿಲ್ ಫಿಲ್ಟರ್ ಕತ್ತರಿಸುವುದಕ್ಕೆ. ಈ ಎಂಜಿನ್‌ನಲ್ಲಿರುವುದು ಪ್ಲಾಸ್ಟಿಕ್ ಡಬ್ಬಿಯೊಳಗಿನ ಕಾಗದದ ಫಿಲ್ಟರ್, ಆದ್ದರಿಂದ ವಿಶೇಷ ಉಪಕರಣ ಬೇಡ. ಎರಡೂ ತುದಿಯಲ್ಲಿ ಬ್ಲೇಡ್ ಆಡಿಸಿ ಕಾಗದವನ್ನು ಬಿಡಿಸಿಕೊಳ್ಳುತ್ತೇನೆ, ಹಳೆಯ ಬಟ್ಟೆಯಲ್ಲಿ ಸುತ್ತಿ ವೈಸ್‌ನಲ್ಲಿ ಹಿಂಡುತ್ತೇನೆ, ಬಿಸಿಲಿನಲ್ಲಿ ಮಡಿಕೆ ಮಡಿಕೆಯಾಗಿ ಬಿಚ್ಚಿ ಹರಡುತ್ತೇನೆ. ಡಬ್ಬಿಯ ತಳದಲ್ಲಿ ಉಳಿದ ಆಯಿಲನ್ನು ಕಾಫಿ ಸೋಸುವ ಬಿಳಿ ಕಾಗದದ ಮೇಲೆ ಸುರಿಯುತ್ತೇನೆ. ಆಮೇಲೆ ಕಾಗದದ ಅಡಿಯಿಂದ ಅಯಸ್ಕಾಂತ ಓಡಿಸಿದರೆ ಯಾವ ಚೂರು ಜತೆಗೆ ಸಾಗುತ್ತದೆ, ಯಾವುದು ಕದಲುವುದಿಲ್ಲ ಎಂಬುದು ಕಣ್ಣಿಗೇ ಕಾಣುತ್ತದೆ. ಸಾಗಿದರೆ ಉಕ್ಕು, ಹೊಳೆದೂ ಕದಲದಿದ್ದರೆ ಹೆಚ್ಚಾಗಿ ಅಲ್ಯೂಮಿನಿಯಂ, ಅದರ ಚಿಂತೆಯೇ ಬೇರೆ. ಕಂದು ಬಣ್ಣದ ಗಟ್ಟಿ ಪ್ಲಾಸ್ಟಿಕ್ ತುಣುಕು ಸಿಕ್ಕರೆ ಅದು ಕ್ಯಾಮ್ ಚೈನ್ ಉಜ್ಜುವ ಪ್ಯಾಡಿನದು. ನನ್ನ ಕಾರಿನಂಥ ಐದು ಚೈನಿನ ಎಂಜಿನ್‌ಗಳಲ್ಲಿ ಇದು ಮಾಮೂಲು. ಕಪ್ಪಗೆ, ಮೆತ್ತಗೆ, ಸುರುಳಿ ಸುತ್ತಿಕೊಂಡಿದ್ದರೆ ಬೇರಿಂಗಿನ ಸೀಲ್ ಕಿತ್ತು ಬರುತ್ತಿದೆ ಎಂಬ ಅನುಮಾನ ಮೊದಲು ಬರಬೇಕು. ಈ ಪರೀಕ್ಷೆಗೆ ಖರ್ಚಾಗುವುದು ಒಂದು ಬ್ಲೇಡ್ ಮತ್ತು ಅರ್ಧ ಗಂಟೆ. ಕೈ ಮಾತ್ರ ಎರಡು ದಿನ ಆಯಿಲ್ ನಾರುತ್ತದೆ.

ಇನ್ನು ಲ್ಯಾಬ್. ಇಂಡಿಯಾನಾದ ಫೋರ್ಟ್ ವೇನ್‌ನಲ್ಲಿರುವ ಬ್ಲ್ಯಾಕ್‌ಸ್ಟೋನ್‌ಗೆ ಸಣ್ಣ ಬಾಟಲಿಯಲ್ಲಿ ಆಯಿಲ್ ಕಳಿಸಿದರೆ ಕಬ್ಬಿಣ, ತಾಮ್ರ, ಸೀಸ, ಅಲ್ಯೂಮಿನಿಯಂ ದಶಲಕ್ಷಕ್ಕೆ ಎಷ್ಟು ಪಾಲು ಇವೆ, ಅದೇ ಬಗೆಯ ಎಂಜಿನ್‌ಗಳ ಸರಾಸರಿ ಎಷ್ಟು ಎಂದು ಪಟ್ಟಿ ಮಾಡಿ ಕಳಿಸುತ್ತಾರೆ. ವರದಿ ಅಚ್ಚುಕಟ್ಟಾಗಿರುತ್ತದೆ, ಓದಿದರೆ ಸಮಾಧಾನವೂ ಆಗುತ್ತದೆ. ಆ ಸಮಾಧಾನದ ಬಗ್ಗೆಯೇ ನನ್ನ ತಕರಾರು. ಇಂಥ ಪರೀಕ್ಷೆಯಲ್ಲಿ ಆಯಿಲನ್ನು ವಿಪರೀತ ಕಾಯಿಸಿ, ಹೊಮ್ಮುವ ಬೆಳಕಿನಿಂದ ಲೋಹವನ್ನು ಅಳೆಯುತ್ತಾರೆ. ಸರಿಸುಮಾರು 5ರಿಂದ 10 ಮೈಕ್ರಾನ್ ದಾಟಿದ ಕಣಗಳು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಗುಂಡಿನ ಬೇರಿಂಗ್ ಹಾಳಾಗುವ ಬಗೆಯಾದರೋ ಬೇರೆ: ಗುಂಡು ಉರುಳುವ ಹಾದಿಯ ಮೇಲ್ಮೈ ಹಕ್ಕಳೆಯಾಗಿ ಏಳುತ್ತದೆ, ಹಕ್ಕಳೆಗಳು ಅದಕ್ಕಿಂತ ಎಷ್ಟೋ ದೊಡ್ಡವು. ಹಾಗಾಗಿ ವರದಿಯಲ್ಲಿ ಕಬ್ಬಿಣ ಸರಾಸರಿಯೊಳಗೇ ಇದ್ದು, ಫಿಲ್ಟರಿನ ಮಡಿಕೆಯಲ್ಲಿ ಉಕ್ಕಿನ ಚೂರು ಇರುವುದು ಪೂರ್ತಿ ಸಾಧ್ಯ.

ಲ್ಯಾಬ್ ದಂಡ ಎಂದು ನಾನು ಹೇಳುತ್ತಿಲ್ಲ. ಬಿಎಂಡಬ್ಲ್ಯು ಇ46 ಎಂ3 ಇಟ್ಟುಕೊಂಡವರ ಚಿಂತೆ ಕನೆಕ್ಟಿಂಗ್ ರಾಡಿನ ಬೇರಿಂಗ್. ಅದರಲ್ಲಿ ಗುಂಡುಗಳಿಲ್ಲ, ತೆಳುವಾದ ಲೋಹದ ಪದರ ನಯವಾಗಿ ಸವೆಯುತ್ತದೆ, ಆ ಪುಡಿ ಲ್ಯಾಬಿನ ಕಣ್ಣಿಗೆ ಬೀಳುತ್ತದೆ. ಅಲ್ಲೂ ಒಂದು ಎಚ್ಚರ ಬೇಕು. ನಂತರದ ವಿ8 ಎಂ3ಯಲ್ಲಿ ಮೊದಲ ವರ್ಷಗಳ ಬೇರಿಂಗ್ ಸೀಸ-ತಾಮ್ರದ್ದು, ಕೊನೆಯ ವರ್ಷಗಳದ್ದು ಸೀಸವಿಲ್ಲದ್ದು. ಎರಡನೆಯ ಬಗೆಯ ಕಾರಿನ ವರದಿಯಲ್ಲಿ ಸೀಸವನ್ನೇ ಹುಡುಕುತ್ತ ಕುಳಿತವನಿಗೆ ಬೇರಿಂಗ್ ಸವೆದರೂ ಏನೂ ಕಾಣಿಸುವುದಿಲ್ಲ. ಯಾವ ಲೋಹ, ಯಾವ ರೀತಿ ಸವೆಯುತ್ತದೆ ಎಂದು ತಿಳಿದುಕೊಂಡ ಮೇಲೆಯೇ ಪರೀಕ್ಷೆಗೆ ದುಡ್ಡು ಕೊಡಬೇಕು. ನನ್ನ ಕಾರಿನ ಆಯಿಲನ್ನು ಈಗಲೂ ಆಗೊಮ್ಮೆ ಈಗೊಮ್ಮೆ ಕಳಿಸುತ್ತೇನೆ, ಅದು ಪೆಟ್ರೋಲ್ ಅಥವಾ ನೀರು ಬೆರೆತಿದೆಯೇ ಎಂದು ತಿಳಿಯಲು ಮಾತ್ರ.

ಅಲಾರಂ ಬಗ್ಗೆ ಹೆಚ್ಚು ಹೇಳುವುದಿಲ್ಲ. ಡ್ರೇನ್ ಪ್ಲಗ್‌ನಲ್ಲಿ ಸೆನ್ಸರ್, ಅಲ್ಲಿಂದ ಡ್ಯಾಶ್‌ಬೋರ್ಡಿಗೆ ತಂತಿ. ಲೋಹದ ಚೂರು ಬಂದು ಎರಡು ತುದಿಗಳನ್ನು ಬೆಸೆದರೆ ದೀಪ ಉರಿಯುತ್ತದೆ. ಕಾರು ಓಡುತ್ತಿರುವಾಗಲೂ ಕಾಯುವುದು ಇದೊಂದೇ, ನಿಜ. ಆದರೆ ದೀಪ ಹತ್ತುವಷ್ಟರಲ್ಲಿ ಲೋಹ ಆಯಿಲಿಗೆ ಇಳಿದಾಗಿರುತ್ತದೆ, ಎಂಜಿನ್ ಬಿಚ್ಚಿ ತೊಳೆಯುವ ಕೆಲಸ ತಪ್ಪುವುದಿಲ್ಲ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವುದಕ್ಕಿಂತ ಸ್ವಲ್ಪ ವಾಸಿ. ಒಂದು ಬೇಸಿಗೆ ಇಟ್ಟು ನೋಡಿ ತೆಗೆದುಬಿಟ್ಟೆ.

ಕಾಯುವುದು ಬೇರೆ, ತಡೆಯುವುದು ಬೇರೆ. ಕಾರ್ಖಾನೆಯ ಬೇರಿಂಗಿಗೆ ಸೀಲ್ ಹಾಕಿ ಒಳಗೆ ಗ್ರೀಸ್ ತುಂಬಿರುತ್ತಾರೆ. ವರ್ಷ ಕಳೆದಂತೆ ಸೀಲ್ ದಾಟಿದ ಆಯಿಲ್ ಗ್ರೀಸನ್ನು ತೊಳೆದುಹಾಕಿ ತಾನು ಅಲ್ಲೇ ಕೊಳೆಯುತ್ತದೆ. ಕ್ಲಚ್ ಬದಲಿಸಲು ಗೇರ್‌ಬಾಕ್ಸ್ ಹೇಗೂ ಇಳಿಯುತ್ತದಲ್ಲ, ಬೇರಿಂಗ್ ಕೆಲಸವನ್ನೂ ನಾನು ಆಗಲೇ ಮಾಡಿಸಿದೆ. ಹೊರಗೆ ಬಂದ ಹಳೆಯದರ ಸೀಲನ್ನು ಸೂಜಿಯಿಂದ ಎಬ್ಬಿಸಿ ನೋಡಿದರೆ ಗ್ರೀಸಿನ ಸುಳಿವೇ ಇಲ್ಲ, ನೀರಿನಂತೆ ತೆಳ್ಳಗಾದ ಕಪ್ಪು ಆಯಿಲ್. ಬೇರಿಂಗ್ ಇನ್ನೂ ನಯವಾಗಿಯೇ ತಿರುಗುತ್ತಿತ್ತು, ಆದರೂ ಅದನ್ನು ಮತ್ತೆ ಒಳಗೆ ಹಾಕುವ ಧೈರ್ಯ ಯಾರಿಗೂ ಬರಲಾರದು.

ಅದರ ಜಾಗಕ್ಕೆ ಎರಡು ಆಯ್ಕೆಗಳಿದ್ದವು. ಒಂದು ಸೆರಾಮಿಕ್ ಗುಂಡಿನ ಬೇರಿಂಗ್. ಸೀಲ್ ಇಲ್ಲದ್ದರಿಂದ ಎಂಜಿನ್ ಆಯಿಲೇ ಅದನ್ನು ನೆನೆಸುತ್ತಿರುತ್ತದೆ. ಇನ್ನೊಂದು ಗುಂಡೇ ಇಲ್ಲದ, ಒತ್ತಡದಲ್ಲಿ ಆಯಿಲ್ ಹಾಯಿಸುವ ಬುಶ್ ಬಗೆಯದು. ಎರಡನೆಯದು ತುಟ್ಟಿ, ಫಿಲ್ಟರ್ ಕಡೆಯಿಂದ ಆಯಿಲ್ ಕೊಳವೆ ಎಳೆಯಬೇಕು, ಆದರೆ ಒಮ್ಮೆ ಹಾಕಿದರೆ ಮುಗಿಯಿತು. ಮೊದಲನೆಯದನ್ನು ಮುಂದೆ ಮತ್ತೆ ಬದಲಿಸಬೇಕು ಎಂದು ಮಾಡುವವರೇ ಹೇಳುತ್ತಾರೆ. ಹೇಗೂ ಇನ್ನೊಂದು ಕ್ಲಚ್ ಬಂದೇ ಬರುತ್ತದೆ ಎಂದು ನಾನು ಸೆರಾಮಿಕ್ ಹಿಡಿದೆ. ಸೆರಾಮಿಕ್ ಗುಂಡಿಗೆ ಅಯಸ್ಕಾಂತ ಅಂಟುವುದಿಲ್ಲ, ಹಾಗಾಗಿ ಫಿಲ್ಟರ್ ನೋಡುವ ಕೆಲಸ ಈಗ ಇನ್ನೂ ಮುಖ್ಯ. ಬುಶ್ ಹಾಕಿಸಿದವರಿಗಾದರೆ ಲ್ಯಾಬ್ ವರದಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಎರಡರಲ್ಲಿ ಯಾವುದೇ ಆಗಲಿ, ಫಿಲ್ಟರಿನಲ್ಲಿ ಆಗಲೇ ಉಕ್ಕಿನ ಚೂರು ಕಂಡಿದ್ದರೆ ಹಾಕಿಸಿ ಪ್ರಯೋಜನವಿಲ್ಲ, ಹಳೆಯ ಚೂರು ಹೊಸ ಬೇರಿಂಗನ್ನೂ ತಿನ್ನುತ್ತದೆ. ಆಯಿಲನ್ನು 5,000 ಮೈಲಿಗೊಮ್ಮೆ ಮತ್ತು ಚಳಿಗಾಲಕ್ಕೆ ಕಾರು ನಿಲ್ಲಿಸುವ ಮುನ್ನ ಬದಲಿಸುತ್ತೇನೆ. ಹಳಸಿದ ಆಯಿಲಿನಲ್ಲಿ ಬೇರಿಂಗನ್ನು ಐದು ತಿಂಗಳು ನೆನೆಹಾಕುವುದು ನನಗೆ ಸರಿ ಕಾಣುವುದಿಲ್ಲ.

2006ರಿಂದ 2008ರ ಮಾದರಿಯವರಿಗೆ ಈ ಆಯ್ಕೆಯೇ ಇಲ್ಲ. ಅವುಗಳ ಬೇರಿಂಗ್ ದೊಡ್ಡದು, ಗಟ್ಟಿಯೂ ಹೌದು, ಆದರೆ ಎಂಜಿನ್ನನ್ನೇ ಎರಡಾಗಿ ಬಿಚ್ಚದೆ ಹೊರಗೆ ಬರುವುದಿಲ್ಲ. ಅಂಥ ಕಾರಿಗೆ ಫಿಲ್ಟರ್ ಮತ್ತು ಬ್ಲೇಡ್ ಸಾಕು. ಅದಕ್ಕಿಂತ ಹಳೆಯ ಮಾದರಿ ಕೊಳ್ಳಲು ಹೊರಟವರು ಬೇರಿಂಗ್ ಬದಲಿಸಿದ ಬಿಲ್ ಕೇಳಿ, ಬಾಯಿಮಾತು ಬೇಡ. ಹಣ ಕೊಡುವ ಮುನ್ನ ಫಿಲ್ಟರ್ ಬಿಚ್ಚಿಸಿ ನೋಡಿ. ಅದಕ್ಕೆ ಒಪ್ಪದವರ ಕಾರನ್ನು ನಾನಂತೂ ನೋಡಲೂ ಹೋಗುವುದಿಲ್ಲ.